ಮೊದಲ ಸ್ಪೋರ್ಟ್ಸ್ ಬೈಕ್: ಹಾಸನ–ಬೇಲೂರು–ಆಲ್ದೂರು ದಾರಿಗೆ ಯಾವುದನ್ನು ಕೊಳ್ಳಬೇಕು, ಹೇಗೆ ಓಡಿಸಬೇಕು?

ಪ್ರಶ್ನೆ: ಆಲ್ದೂರಿನವನು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯವನು, ವಯಸ್ಸು 23. ಎಂಟು ತಿಂಗಳಿಂದ ಹಾಸನದಲ್ಲಿ ಕೆಲಸದಲ್ಲಿದ್ದೇನೆ. ವಾರವೆಲ್ಲ ಅಲ್ಲಿಯೇ ರೂಮಿನಲ್ಲಿದ್ದು, ಶನಿವಾರ ಸಂಜೆ ಕೆಲಸ ಮುಗಿದ ಮೇಲೆ ಬೇಲೂರು, ಚಿಕ್ಕಮಗಳೂರು ಮಾರ್ಗವಾಗಿ ಊರಿಗೆ ಬಂದು, ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಹೊರಡುತ್ತೇನೆ. ಹೋಗಿ ಬರುವುದಕ್ಕೆ 160 ಕಿ.ಮೀ.ಗಿಂತ ಹೆಚ್ಚಾಗುತ್ತದೆ. ಲೈಸೆನ್ಸ್ ಪಡೆದು ಐದು ವರ್ಷವಾಗಿದ್ದರೂ ಇಲ್ಲಿಯವರೆಗೆ ಓಡಿಸಿದ್ದು ಅಪ್ಪನ 100 ಸಿ.ಸಿ. ಗಾಡಿಯನ್ನು ಮಾತ್ರ.

ಸ್ಪೋರ್ಟ್ಸ್ ಬೈಕಿನ ಆಸೆ ನನಗೆ ಇಂದು ನಿನ್ನೆ ಹುಟ್ಟಿದ್ದಲ್ಲ. ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಬಸ್ ನಿಲ್ದಾಣದ ಬಳಿ ಯಾರೋ ಪ್ರವಾಸಿಗರು ನಿಲ್ಲಿಸಿದ್ದ ನೀಲಿ ಬಣ್ಣದ ಯಮಹಾ ಆರ್‌15 ಅನ್ನು ನೋಡುತ್ತ ನಿಂತಿದ್ದ ಗಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈಗ ಉಳಿತಾಯವೂ ಸ್ವಲ್ಪ ಸಾಲವೂ ಸೇರಿ ಎರಡೂವರೆ ಲಕ್ಷ ರೂಪಾಯಿ ಹೊಂದಿಸಬಲ್ಲೆ. ಮನಸ್ಸಿನಲ್ಲಿ ಮೂರು ಗಾಡಿಗಳಿವೆ: ಹೊಸ ಆರ್‌15, ಹೊಸ ಸುಜುಕಿ ಜಿಕ್ಸರ್ ಎಸ್‌ಎಫ್ 250, ಅಥವಾ ಪರಿಚಯದವರೊಬ್ಬರು ಮಾರುತ್ತಿರುವ ಕೆಟಿಎಂ ಆರ್‌ಸಿ 390. ನನ್ನ ಎತ್ತರ ಐದು ಅಡಿ ಆರು ಅಂಗುಲ. ತಿಂಗಳಿಗೊಮ್ಮೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಅಪ್ಪ ಬೇಡ ಎಂದು ಹೇಳಿಲ್ಲ. ಆದರೆ ಬೈಕಿನ ಮಾತೆತ್ತಿದಾಗಲೆಲ್ಲ ಎದ್ದು ಅಂಗಳಕ್ಕೆ ಹೋಗಿಬಿಡುತ್ತಾರೆ. ಅವರಿಗೆ ಸುಮ್ಮನೆ ಧೈರ್ಯ ಹೇಳಲು ನನಗೆ ಇಷ್ಟವಿಲ್ಲ. ಧೈರ್ಯ ಪಡುವುದಕ್ಕೆ ನಿಜವಾದ ಕಾರಣ ಇರಬೇಕು. ನಮ್ಮ ಈ ರಸ್ತೆಗಳನ್ನು ಬಲ್ಲವರು ದಯವಿಟ್ಟು ತಿಳಿಸಿ, ಯಾವುದನ್ನು ತೆಗೆದುಕೊಳ್ಳಲಿ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಸಾಕೇ, ಮೊದಲ ತಿಂಗಳುಗಳಲ್ಲಿ ಏನನ್ನು ಕಲಿಯಬೇಕು?

ಉತ್ತರ: ಕೈಮರ ತಿರುವು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರ ಆತಂಕವನ್ನು ತಳ್ಳಿಹಾಕದೆ ಅದಕ್ಕೊಂದು ಪ್ರಾಮಾಣಿಕ ಉತ್ತರ ಹುಡುಕುತ್ತಿದ್ದೀರಿ ಎಂಬುದು ನನಗೆ ತುಂಬ ಹಿಡಿಸಿತು. ಹದಿನಾಲ್ಕು ವರ್ಷಗಳಿಂದ ಚಿಕ್ಕಮಗಳೂರಿನ ಸುತ್ತಮುತ್ತ ಇಂತಹ ಗಾಡಿಗಳನ್ನೇ ಓಡಿಸುತ್ತಿರುವವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು 390ರ ವಿಷಯ. ಅದು ಒಳ್ಳೆಯ ಗಾಡಿಯೇ. ಆದರೆ ನಿಮ್ಮ ಮೊದಲ ಗಾಡಿಯಲ್ಲ. ಅಪ್ಪನ 100 ಸಿ.ಸಿ. ಗಾಡಿಯ ಶಕ್ತಿ ಸುಮಾರು 8 ಪಿ.ಎಸ್. (ಅಶ್ವಶಕ್ತಿಯ ಅಳತೆ), ಆರ್‌15ರದ್ದು 18.4, ಜಿಕ್ಸರ್ ಎಸ್‌ಎಫ್ 250ಯದ್ದು 26.5, ಆರ್‌ಸಿ 390ರದ್ದು 43ರ ಆಸುಪಾಸು. ಎಂಟರಿಂದ ಹದಿನೆಂಟಕ್ಕೋ ಇಪ್ಪತ್ತಾರಕ್ಕೋ ಏರುವುದನ್ನು ಕೈ ನಿಧಾನವಾಗಿ ಕಲಿತುಕೊಳ್ಳುತ್ತದೆ. ಎಂಟರಿಂದ ನಲವತ್ಮೂರಕ್ಕೆ ಏರಿದರೆ, ನೇರ ದಾರಿಯಲ್ಲಿ ಒಮ್ಮೆ ಅಕ್ಸಿಲರೇಟರ್ ತಿರುವಿದ ಕೂಡಲೇ ಮುಂದಿನ ತಿರುವು ನೀವು ಎಣಿಸಿದ್ದಕ್ಕಿಂತ ಮೊದಲೇ ಎದುರಿಗೆ ಬಂದು ನಿಂತಿರುತ್ತದೆ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ರಸ್ತೆಯಲ್ಲಿ ನೇರ ದಾರಿ ಎಷ್ಟಿದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಬೇಲೂರು–ಹಾಸನದ ನಡುವೆ ರಸ್ತೆ ನೇರವಾಗಿದ್ದರೂ, ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಬೈಕಿಗೆ ಗರಿಷ್ಠ ವೇಗ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ., ಇತರ ರಸ್ತೆಗಳಲ್ಲಿ 60. ಆ ಮಿತಿಯೊಳಗೆ ನಿಮ್ಮ ಮೂರೂ ಗಾಡಿಗಳು ನಿಮ್ಮನ್ನು ಒಂದೇ ಹೊತ್ತಿಗೆ ಮನೆ ಮುಟ್ಟಿಸುತ್ತವೆ.

ಉಳಿದ ಎರಡರಲ್ಲಿ ಯಾವುದನ್ನು ಕೊಂಡರೂ ತಪ್ಪಿಲ್ಲ. ಆರ್‌15 ಸುಮಾರು 141 ಕೆ.ಜಿ. ತೂಗುತ್ತದೆ, ಸೀಟಿನ ಎತ್ತರ 815 ಮಿ.ಮೀ., ತಿರುವಿನಲ್ಲಿ ಹೇಳಿದ ಮಾತು ಕೇಳುವ ಗಾಡಿ. ಆದರೆ ಅದರ ಪೂರ್ಣ ಶಕ್ತಿ ಹೊರಬರುವುದು ಎಂಜಿನ್ ನಿಮಿಷಕ್ಕೆ 10,000 ಸುತ್ತು (ಆರ್‌ಪಿಎಂ) ತಿರುಗುವಾಗ. ಏರಿನಲ್ಲಿ ಹಿಂದೆ ಒಬ್ಬರು ಕುಳಿತಿದ್ದರೆ ಪದೇಪದೇ ಗೇರ್ ಇಳಿಸಬೇಕಾಗುತ್ತದೆ. ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ 80 ಕಿ.ಮೀ. ಓಡಿಸಿದ ಮೇಲೆ ಮಣಿಕಟ್ಟು ನೋಯುವುದು ಸಹಜ. ಮೊಣಕಾಲುಗಳಿಂದ ಟ್ಯಾಂಕನ್ನು ಬಿಗಿಯಾಗಿ ಹಿಡಿದು ಕುಳಿತರೆ ಕೈಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಜಿಕ್ಸರ್ 161 ಕೆ.ಜಿ. ಇದ್ದು ಇಪ್ಪತ್ತು ಕೆ.ಜಿ. ಹೆಚ್ಚು ಭಾರವಾದರೂ ಸೀಟಿನ ಎತ್ತರ 800 ಮಿ.ಮೀ., ಕೂರುವ ಭಂಗಿ ಅಷ್ಟು ಬಾಗಿದ್ದಲ್ಲ, ಟಾರ್ಕ್ (ಎಂಜಿನ್ನಿನ ತಿರುಚುವ ಬಲ) 22 ನ್ಯೂಟನ್ ಮೀಟರ್ ಇರುವುದರಿಂದ ಏರಿನಲ್ಲಿ ಏದುಸಿರು ಬಿಡುವುದಿಲ್ಲ. ನಿಮ್ಮ ವಾರದ ದಾರಿಗೆ ನಾನು ಜಿಕ್ಸರ್ ಎನ್ನುತ್ತೇನೆ. ಹೈಸ್ಕೂಲಿನ ಆ ನೀಲಿ ಗಾಡಿಯ ಸೆಳೆತವೇ ಹೆಚ್ಚೆನಿಸಿದರೆ ಆರ್‌15 ತೆಗೆದುಕೊಳ್ಳಿ, ಪಶ್ಚಾತ್ತಾಪ ಪಡುವುದಿಲ್ಲ.

ಆದರೆ ಎರಡೂವರೆ ಲಕ್ಷವನ್ನೂ ಬೈಕಿಗೆ ಸುರಿಯಬೇಡಿ. ಅದರಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಯನ್ನು ಮೊದಲೇ ತೆಗೆದು ಪಕ್ಕಕ್ಕಿಟ್ಟು, ಮಿಕ್ಕ ಹಣಕ್ಕೆ ಯಾವ ಗಾಡಿ ಬರುತ್ತದೋ ಅದನ್ನು ಕೊಳ್ಳಿ. ಪಕ್ಕಕ್ಕಿಟ್ಟ ಹಣ ಹೆಲ್ಮೆಟ್, ಜಾಕೆಟ್, ಗ್ಲೌಸ್, ಮೊಣಕಾಲಿನ ರಕ್ಷಾಕವಚ ಮತ್ತು ಕಣಕಾಲನ್ನು ಮುಚ್ಚುವ ಬೂಟಿಗೆ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದೇ ಆಗಲಿ, ಐಎಸ್‌ಐ ಗುರುತು ಇರಲೇಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಅಲ್ಲಾಡಬೇಕು, ಅದು ಸರಿಯಾದ ಅಳತೆ. ಕಪ್ಪು ವೈಸರ್ ಬೇಡ. ನೀವು ಊರು ಸೇರುವ ಹೊತ್ತಿಗೆ ಕತ್ತಲೂ ಮಂಜೂ ಎರಡೂ ಇರುತ್ತವೆ.

ಗ್ಲೌಸಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳಿನಲ್ಲಿ ಮಲ್ಲಂದೂರು ಕಡೆಯಿಂದ ಬರುತ್ತಿದ್ದೆ. ಮಳೆ ನಿಂತು ಬಿಸಿಲು ಬಿದ್ದಿತ್ತು, ರಸ್ತೆಯೆಲ್ಲ ಒಣಗಿತ್ತು, ವೇಗ ನಲವತ್ತರ ಆಸುಪಾಸು ಇದ್ದಿರಬೇಕು. ತೋಟದ ಸಿಲ್ವರ್ ಓಕ್ ಮರಗಳ ನೆರಳು ಬೀಳುವ ಒಂದು ಎಡ ತಿರುವಿನಲ್ಲಿ ಎದುರಿಗೆ ಪಿಕಪ್ ಗಾಡಿ ಬಂತೆಂದು ಎಡ ಅಂಚಿಗೆ ಸರಿದು ಮುಂದಿನ ಬ್ರೇಕ್ ಮುಟ್ಟಿದೆ. ಆ ಅಂಚಿನಲ್ಲಿ ಒಂದು ಗೇಣು ಅಗಲಕ್ಕೆ ಪಾಚಿ ಕಟ್ಟಿತ್ತು. ಡಾಂಬರಿನ ಬಣ್ಣದಲ್ಲೇ ಬೆರೆತುಹೋದ ಕಡು ಹಸಿರು, ಬಿದ್ದ ಮೇಲೆ ಕಣ್ಣಿಗೆ ಕಂಡಿತು. ಗಾಡಿ ನನಗಿಂತ ಮೊದಲು ಚರಂಡಿ ಸೇರಿತ್ತು. ಆ ದಿನದ ಗ್ಲೌಸ್ ಇಂದಿಗೂ ನನ್ನ ಬಳಿ ಇದೆ: ಬಲಗೈಯದರಲ್ಲಿ, ಹೆಬ್ಬೆರಳಿನ ಕೆಳಗಿನ ಉಬ್ಬಿದ ಜಾಗದಲ್ಲಿ, ಚರ್ಮದ ಹೊರಪದರ ಪೂರ್ತಿ ಸವೆದು ಒಳಗಿನ ಬಿಳಿ ದಾರ ಕಾಣುತ್ತದೆ. ಅದರೊಳಗಿದ್ದ ನನ್ನ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಬರೀ ಜೀನ್ಸ್ ತೊಟ್ಟಿದ್ದ ಮೊಣಕಾಲಿನ ಗಾಯ ಮಾಯಲು ಐದು ವಾರ ಹಿಡಿಯಿತು.

ಎಬಿಎಸ್ ಸಾಕೇ ಎಂದು ಕೇಳಿದ್ದೀರಿ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯ. ನೀವು ಹೆಸರಿಸಿದ ಹೊಸ ಗಾಡಿಗಳೆರಡರಲ್ಲೂ ಎರಡು ಚಕ್ರಗಳಿಗೂ ಇದೆ. ಬ್ರೇಕ್ ಒತ್ತಿದಾಗ ಚಕ್ರ ಉರುಳುವುದನ್ನು ನಿಲ್ಲಿಸಿ ಜಾರತೊಡಗುವ ಹಂತಕ್ಕೆ ಬಂದರೆ ಒತ್ತಡವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಮತ್ತೆ ಹಿಡಿಯುವುದು ಅದರ ಕೆಲಸ. ಗಾಡಿ ನೆಟ್ಟಗಿದ್ದಾಗ ಅದು ಪ್ರಾಣ ಉಳಿಸುವ ಸಾಧನವೇ ಹೌದು. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಗಾಡಿ ವಾಲಿರುವಾಗ ಪಾಚಿಯ ಮೇಲೋ ಜಲ್ಲಿಯ ಮೇಲೋ ಬ್ರೇಕ್ ಹಿಡಿದರೆ ಇಂತಹ ಸಾಧಾರಣ ಎಬಿಎಸ್ ನಿಮ್ಮನ್ನು ಕಾಪಾಡುತ್ತದೆಂದು ನಂಬಬೇಡಿ.

ಇದನ್ನೊಂದು ಲೆಕ್ಕದಲ್ಲಿ ನೋಡಿ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಅಡ್ಡ ಬಂದ ಹಸುವನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಆ ಮೇಲೆ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಇನ್ನು ಸುಮಾರು 20 ಮೀಟರ್; ಒಟ್ಟು ಮೂರು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ. 80ರಲ್ಲಿ ಅದು 60 ಮೀಟರ್ ಸಮೀಪಿಸುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನಿಮ್ಮ ಮೊದಲ ತಿಂಗಳ ಪಾಠ ಓಡಿಸುವುದಲ್ಲ, ನಿಲ್ಲಿಸುವುದು. ಇದು ಮಾರ್ಚ್ ತಿಂಗಳು. ಕಾಫಿ, ಮೆಣಸು ಒಣಗಿಸುವುದು ಮುಗಿದು ತೋಟಗಳ ಕಣಗಳು ಖಾಲಿಯಾಗುತ್ತಿವೆ. ಪರಿಚಯದವರ ದೊಡ್ಡ ಸಿಮೆಂಟ್ ಕಣವೊಂದನ್ನು ಕೇಳಿಕೊಂಡು, ಕಸ ಗುಡಿಸಿ, ಅಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರದಲ್ಲಿ ಸುತ್ತುವುದನ್ನೂ ಪೂರ್ತಿ ತಿರುಗಿಸುವುದನ್ನೂ ಕಲಿಯಿರಿ. ಈ ಗಾಡಿಗಳ ಹ್ಯಾಂಡಲ್ ಕಡಿಮೆ ತಿರುಗುತ್ತದೆ. ಇಳಿಜಾರಿನ ರಸ್ತೆಯಲ್ಲಿ ಗಾಡಿ ತಿರುಗಿಸುವಾಗ ಬೀಳಿಸಿಕೊಳ್ಳುವ ಹೊಸಬರು ಬಹಳ. ಆಮೇಲೆ ವಾಹನ ಓಡಾಡದ ನೇರ ರಸ್ತೆಯಲ್ಲಿ 30, 40, 50ರ ವೇಗದಿಂದ ನಿಲ್ಲಿಸಿ ನೋಡಿ. ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯಬಾರದು. ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆಲ್ಲಗೆ, ಗಾಡಿಯ ಭಾರ ಮುಂದಕ್ಕೆ ಬಂದು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲು) ಕುಸಿದ ಮೇಲೆ ಗಟ್ಟಿಯಾಗಿ. ಒಣ ರಸ್ತೆಯಲ್ಲಿ ಗಾಡಿಯನ್ನು ನಿಲ್ಲಿಸುವ ಕೆಲಸದ ಬಹುಪಾಲನ್ನು ಮುಂದಿನ ಬ್ರೇಕೇ ಮಾಡುತ್ತದೆ. ಎಬಿಎಸ್ ಕೆಲಸ ಮಾಡುವಾಗ ಕೈಗೂ ಕಾಲಿಗೂ ಆಗುವ ಅದುರುವಿಕೆಯನ್ನು ಅಲ್ಲಿಯೇ ಪರಿಚಯ ಮಾಡಿಕೊಳ್ಳಿ, ಇಲ್ಲವಾದರೆ ನಿಜವಾದ ಅಪಾಯದಲ್ಲಿ ಗಾಬರಿಯಾಗಿ ಬ್ರೇಕ್ ಬಿಟ್ಟುಬಿಡುತ್ತೀರಿ. ಈ ಅಭ್ಯಾಸ ನಡೆಯುವಾಗ ಸಾಧ್ಯವಾದರೆ ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಉತ್ತರ: ಸ್ಪ್ಯಾನರ್ ಕೈಯವನು

ಬೇಲೂರಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಮೇಲಿನವರು ಹೇಳಿದ್ದು ಒಪ್ಪುವ ಮಾತು. ಹಳೆಯ 390ರ ಆಸೆ ಇನ್ನೂ ಉಳಿದಿದ್ದರೆ ಮಾತ್ರ ಈ ಭಾಗವನ್ನು ಓದಿ.

ಹಳೆಯ ಸ್ಪೋರ್ಟ್ಸ್ ಬೈಕ್ ಬಿದ್ದಿದೆಯೋ ಇಲ್ಲವೋ ಎಂಬುದನ್ನು ಹೊರಗಿನ ಪ್ಲಾಸ್ಟಿಕ್ ನೋಡಿ ಹೇಳಲಾಗದು, ಏಕೆಂದರೆ ಅದನ್ನು ಹೊಸದಾಗಿ ಹಾಕಿಸಿರುತ್ತಾರೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫ್ರೇಮಿಗೆ ತಾಗುವ ಸ್ಟಾಪರಿನ ಮೇಲೆ ಜಜ್ಜಿದ ಗುರುತಿದೆಯೇ, ಕಾಲಿಡುವ ಪೆಗ್ಗಿನ ತುದಿ ಸವೆದಿದೆಯೇ, ಹಿಂದೆ ನಿಂತು ನೋಡಿದರೆ ಎರಡೂ ಚಕ್ರಗಳು ಒಂದೇ ಗೆರೆಯಲ್ಲಿವೆಯೇ, ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದೆಯೇ ಎಂದು ನೋಡಬೇಕು. ನನ್ನ ಗಿರಾಕಿಯೊಬ್ಬರು ಹೊಳೆಯುವ ಗಾಡಿ ತಂದು ಕೈಬಿಟ್ಟರೆ ಎಡಕ್ಕೆಳೆಯುತ್ತದೆ ಎಂದರು. ಬಿಚ್ಚಿ ನೋಡಿದರೆ ಫೋರ್ಕಿನ ಒಂದು ಕಾಲು ಬಾಗಿತ್ತು. ರಿಪೇರಿಗೆ ಅವರು ತೆತ್ತ ಹಣದಲ್ಲಿ ನಿಮ್ಮ ಜಾಕೆಟ್, ಬೂಟು ಎರಡೂ ಬರುತ್ತಿದ್ದವು. ಕಾಗದಪತ್ರದಲ್ಲಿ ಫಾರ್ಮ್ 29 ಮತ್ತು 30 ವರ್ಗಾವಣೆಗೆ, ಸಾಲವಿದ್ದ ಗಾಡಿಯಾದರೆ ಅದು ತೀರಿದ್ದಕ್ಕೆ ಫಾರ್ಮ್ 35. ಹಣ ಕೊಟ್ಟು ನೋಂದಣಿ ಪತ್ರದಲ್ಲಿ (ಆರ್‌ಸಿ) ಹೆಸರು ಬದಲಾಯಿಸದೆ ಓಡಿಸುವ ಕೆಲಸ ಮಾಡಬೇಡಿ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಹೊಸ ಬೈಕಿಗೆ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡದಕ್ಕೆ 40 ಆಗಿದೆ. ಹೀಗಿರುವಾಗ ನಿಮ್ಮ ಲೆಕ್ಕದಲ್ಲಿ ಹೊಸ ಸಣ್ಣ ಗಾಡಿಯೇ ಲಾಭ.

ಹೊಸದನ್ನು ಕೊಂಡರೆ ಮೊದಲ 1,000 ಕಿ.ಮೀ. ಕೈಪಿಡಿಯಲ್ಲಿ ಹೇಳಿರುವ ಆರ್‌ಪಿಎಂ ಮೀರಬೇಡಿ. ಹಾಗೆಂದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಎಂಜಿನ್ನಿಗೆ ಒಳ್ಳೆಯದಲ್ಲ, ಏರಿಳಿಸುತ್ತಿರಬೇಕು. ಮೊದಲ ಸರ್ವಿಸ್ ತಪ್ಪಿಸಬೇಡಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರು ನೂರೈವತ್ತು ಕಿ.ಮೀ.ವರೆಗೆ ಗಾಡಿಯನ್ನು ವಾಲಿಸಿ ಪರೀಕ್ಷೆ ಮಾಡುವುದು ಬೇಡ.

ಮಳೆಗಾಲದಲ್ಲಿ ನಮ್ಮ ಕಡೆ ಚೈನಿಗೆ ಬಹಳ ಕಷ್ಟ. ತೋಟದ ಕೆಮ್ಮಣ್ಣು ಎಣ್ಣೆಯೊಡನೆ ಸೇರಿ ಅರೆಯುವ ಗಾರೆಯಂತಾಗುತ್ತದೆ. ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ ಸಾಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವು ಊರಿಗೆ ಬಂದ ಪ್ರತಿ ಭಾನುವಾರ ಒರೆಸಿ ಲ್ಯೂಬ್ ಹಾಕಿ. ಎಂಜಿನ್ ಚಾಲೂ ಇಟ್ಟು, ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸಬೇಡಿ. ಹಾಗೆ ಮಾಡಿ ಬೆರಳಿನ ತುದಿ ಕಳೆದುಕೊಂಡ ಹುಡುಗನನ್ನು ನಾನೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಟೈರಿನ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ. ಅಮ್ಮ ಕೂರುವ ದಿನ ಹಿಂದಿನ ಟೈರಿಗೆ ಇಬ್ಬರ ಭಾರಕ್ಕೆ ಹೇಳಿರುವಷ್ಟು ಗಾಳಿ ಇರಲಿ.

ಉತ್ತರ: ಹೇಮಾವತಿ ದಂಡೆ

ಹಾಸನದಲ್ಲಿ ಕಾಲೇಜು ಉಪನ್ಯಾಸಕಿ, ಏಳು ವರ್ಷಗಳಿಂದ ಬೈಕ್ ಓಡಿಸುತ್ತಿದ್ದೇನೆ. ಎಲ್ಲರೂ ಸವಾರನ ಬಗ್ಗೆ ಬರೆದಿದ್ದಾರೆ. ನಾನು ನಿಮ್ಮ ತಾಯಿಯವರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಮುಂಗಡ ಕೊಡುವ ಮೊದಲು ಅವರನ್ನು ಷೋರೂಮಿಗೆ ಕರೆದುಕೊಂಡು ಹೋಗಿ ಎರಡೂ ಗಾಡಿಗಳ ಹಿಂದಿನ ಸೀಟಿನ ಮೇಲೆ ಕೂರಿಸಿ. ಆರ್‌15ರ ಹಿಂದಿನ ಸೀಟು ಕಿರಿದು, ಎತ್ತರದಲ್ಲಿದೆ. ಸೀರೆಯುಟ್ಟವರು ಒಂದೇ ಪಕ್ಕಕ್ಕೆ ಕಾಲು ಹಾಕಿ ಅದರ ಮೇಲೆ ಕೂರುವುದು ಅಪಾಯ. ಚಿಕ್ಕಮಗಳೂರಿಗೆ ಹೋಗುವ ದಿನ ಅವರು ಚೂಡಿದಾರ್ ತೊಟ್ಟು ಎರಡೂ ಕಡೆ ಕಾಲು ಹಾಕಿ ಕೂರಲು ಒಪ್ಪಿದರೆ ಅರ್ಧ ಚಿಂತೆ ಕಳೆಯಿತು. ಚೂಡಿದಾರಿನ ವೇಲ್ ಇರಲಿ, ಸೀರೆಯ ಸೆರಗಿರಲಿ, ಸೊಂಟಕ್ಕೆ ಬಿಗಿದು ಕಟ್ಟಿಕೊಂಡ ಮೇಲೆಯೇ ಗಾಡಿ ಹೊರಡಬೇಕು. ಚೈನಿಗೆ ಸಿಕ್ಕ ಬಟ್ಟೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮನುಷ್ಯರನ್ನು ಕೆಳಗೆಳೆಯುತ್ತದೆ. ಚೆಂದ ಕಾಣುವುದಿಲ್ಲವೆಂದು ಸ್ಯಾರಿ ಗಾರ್ಡ್ ಬಿಚ್ಚಿಸುವ ಹುಡುಗರನ್ನು ಬಹಳ ನೋಡಿದ್ದೇನೆ. ಹಿಂದೆ ಕೂರುವವರ ರಕ್ಷಣೆಗೆಂದು ಮೋಟಾರು ವಾಹನ ನಿಯಮಗಳೇ ಹೇಳಿರುವ ಭಾಗ ಅದು, ಬಿಚ್ಚಬೇಡಿ. ತಾಯಿಯವರಿಗೂ ಅವರದೇ ಅಳತೆಯ ಹೆಲ್ಮೆಟ್ ಕೊಡಿಸಿ; ನಿಮ್ಮ ಹಳೆಯದನ್ನು ಕೊಡಬೇಡಿ.

ಉತ್ತರ: ಜಾವಗಲ್ ಕಡೆಯವನು

ಮಲೆನಾಡಿನ ಪಾಚಿಯ ಬಗ್ಗೆ ಬರೆದಿದ್ದಾರೆ, ಬಯಲಿನ ರಾಗಿಯ ಬಗ್ಗೆ ನಾನು ಬರೆಯುತ್ತೇನೆ. ಹಳೇಬೀಡು, ಜಾವಗಲ್, ಅರಸೀಕೆರೆ ಕಡೆ ಸುಗ್ಗಿಯ ತಿಂಗಳುಗಳಲ್ಲಿ ರಾಗಿ, ಹುರುಳಿಯನ್ನು ಒಕ್ಕಲು ರಸ್ತೆಯ ಮೇಲೆಯೇ ಹರಡುತ್ತಾರೆ. ನಾನೂ ರೈತನ ಮಗ, ಕಣ ಮಾಡುವುದಕ್ಕೆ ಜಾಗವೂ ಆಳೂ ಇಲ್ಲದ ಕಷ್ಟ ನನಗೆ ತಿಳಿದಿದೆ. ಆದರೆ ಬೈಕಿನವನಿಗೆ ಅದು ಎಣ್ಣೆ ಸುರಿದ ನೆಲಕ್ಕಿಂತ ಕಡೆ. ಹುಲ್ಲಿನ ಕೆಳಗೆ ಉದುರಿದ ಕಾಳು ಟೈರಿನ ಅಡಿಯಲ್ಲಿ ಗುಂಡುಗಳ ಹಾಗೆ ಉರುಳುತ್ತದೆ. ದೂರದಲ್ಲಿ ರಸ್ತೆ ಹಳದಿಯಾಗಿ ಕಂಡ ಕೂಡಲೇ, ಇನ್ನೂ ಒಳ್ಳೆಯ ಡಾಂಬರಿನ ಮೇಲಿರುವಾಗಲೇ ಪೂರ್ತಿ ವೇಗ ಇಳಿಸಿ, ಹುಲ್ಲಿನ ಮೇಲೆ ಬ್ರೇಕನ್ನೂ ಹ್ಯಾಂಡಲನ್ನೂ ಅಲುಗಿಸದೆ ಎರಡನೇ ಗೇರಿನಲ್ಲಿ ನೆಟ್ಟಗೆ ದಾಟಬೇಕು. ರಾತ್ರಿ ಹೊತ್ತು ಹುಲ್ಲಿನ ಅಂಚಿಗೆ ಇಟ್ಟಿರುವ ಕಲ್ಲುಗಳ ಬಗ್ಗೆಯೂ ಎಚ್ಚರವಿರಲಿ.

ನಿಮ್ಮ ಶನಿವಾರ ಸಂಜೆಯ ಪ್ರಯಾಣವೇ ನನಗೆ ಹೆಚ್ಚು ಚಿಂತೆ ತರುತ್ತದೆ. ಹಾಸನವನ್ನು ಆರು ಗಂಟೆಗೆ ಬಿಟ್ಟರೆ ಅರ್ಧ ದಾರಿಗೆ ಮುಂಚೆಯೇ ಕತ್ತಲಾಗುತ್ತದೆ. ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆದಾಗ ಆ ಬೆಳಕನ್ನು ನೋಡದೆ ರಸ್ತೆಯ ಎಡಗೆರೆಯನ್ನು ನೋಡಿ, ವೇಗ ತಗ್ಗಿಸಿ. ಬಣ್ಣ ಹಚ್ಚದ ಹಂಪುಗಳು ಊರಿಗೊಂದಿವೆ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯೂ ಆಲೂರು, ಸಕಲೇಶಪುರದಲ್ಲಿಯೂ ಕಾಡಾನೆಗಳು ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಹತ್ತಿರವಾಗುತ್ತದೆಂದು ಯಾರಾದರೂ ಆ ಒಳದಾರಿ ತೋರಿಸಿದರೂ ಕತ್ತಲಲ್ಲಿ ಹೋಗಬೇಡಿ. ಆನೆ ಕಂಡರೆ ಹಾರ್ನ್ ಮಾಡದೆ, ಲೈಟ್ ಹಾಯಿಸಿ ಕೆಣಕದೆ, ದೂರದಲ್ಲೇ ನಿಂತು ಹಿಂದಕ್ಕೆ ತಿರುಗಿ. ಸಾಧ್ಯವಿದ್ದರೆ ಶನಿವಾರ ರಾತ್ರಿ ಬಾರದೆ ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೊರಡಿ. ಒಂದು ರಾತ್ರಿಯ ಊಟ ತಪ್ಪುತ್ತದೆ, ಅಷ್ಟೇ.

ಆಲ್ದೂರಿನವನು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿ. 390ರ ಯೋಚನೆಯನ್ನು ಬಿಟ್ಟಿದ್ದೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಅಪ್ಪನ ಗಾಡಿಯಲ್ಲಿ ನಲವತ್ತರಲ್ಲಿ ಹೋಗುವಾಗಲೂ ಕೆಲವು ತಿರುವುಗಳಲ್ಲಿ ನಾನು ಅಂದುಕೊಂಡದ್ದಕ್ಕಿಂತ ಆಚೆಗೆ, ರಸ್ತೆಯ ನಡುವಿಗೆ ಹೋಗಿಬಿಡುತ್ತೇನೆ. ಒಮ್ಮೆ ಬಸ್ಸಿನ ಹೆಡ್‌ಲೈಟ್ ಕೈಗೆಟುಕುವಷ್ಟು ಹತ್ತಿರ ಹಾದುಹೋಯಿತು. ಇದು ಏಕೆ ಆಗುತ್ತದೆ?

ಉತ್ತರ: ಕೈಮರ ತಿರುವು

ಇದನ್ನು ನೀವಾಗಿಯೇ ಕೇಳಿದ್ದು ಒಳ್ಳೆಯದಾಯಿತು. ಹಾಗಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳು ಕೂಡಿರುತ್ತವೆ. ತಿರುವಿಗೆ ಹೆಚ್ಚು ವೇಗದಲ್ಲಿ ಹೊಕ್ಕಿರುತ್ತೀರಿ. ಬೇಗ ತಿರುಗಿಸಲು ತೊಡಗಿರುತ್ತೀರಿ. ಹೆದರಿದ ಕಣ್ಣು ಬಸ್ಸಿನ ಮೇಲೆ ನೆಟ್ಟಿರುತ್ತದೆ. ಕಣ್ಣು ಎಲ್ಲಿ ನೆಡುತ್ತದೋ ಬೈಕ್ ಅಲ್ಲಿಗೇ ಹೋಗುತ್ತದೆ. ಬಸ್ಸನ್ನು ನೋಡಿದರೆ ಬಸ್ಸಿಗೆ, ಚರಂಡಿಯನ್ನು ನೋಡಿದರೆ ಚರಂಡಿಗೆ. ತಲೆಯನ್ನೇ ತಿರುಗಿಸಿ, ಗಲ್ಲವನ್ನು ತಿರುವಿನ ಆಚೆಯ ತುದಿಯ ಕಡೆಗೆ ಇಟ್ಟು ನೋಡುವುದನ್ನು ಕಣದಲ್ಲಿ ಎಂಟು ಸುತ್ತುವಾಗಲೇ ರೂಢಿಸಿಕೊಳ್ಳಿ.

ಬ್ರೇಕು, ಗೇರು ಇಳಿಸುವುದು, ಎಲ್ಲವೂ ಗಾಡಿ ನೆಟ್ಟಗಿರುವಾಗಲೇ ಮುಗಿಯಲಿ. ಆಮೇಲೆ ತಿರುವಿನೊಳಗೆ ಅಕ್ಸಿಲರೇಟರ್ ತುಸುವೇ ಹಿಡಿದಿರಲಿ. ಎಡಕ್ಕೆ ಹೋಗಬೇಕಾದರೆ ಎಡಗೈಯ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ಒತ್ತಿ. ಕೇಳಲು ವಿಚಿತ್ರವೆನಿಸಿದರೂ ಗಾಡಿ ಎಡಕ್ಕೇ ವಾಲುತ್ತದೆ. ಸೈಕಲ್ ತುಳಿದವರೆಲ್ಲರೂ ತಿಳಿಯದೆ ಇದನ್ನೇ ಮಾಡುತ್ತಾರೆ. ತಿಳಿದು ಮಾಡುವುದನ್ನು ಕಲಿತರೆ, ತಿರುವು ಮಧ್ಯದಲ್ಲಿ ಇನ್ನಷ್ಟು ಬಿಗಿಯಾದಾಗಲೂ ಗಾಬರಿಯಿಂದ ಬ್ರೇಕ್ ಹಿಡಿಯದೆ ಇನ್ನೊಂದಿಷ್ಟು ಒತ್ತಿ ಒಳಗೆ ತರಬಲ್ಲಿರಿ.

ರಸ್ತೆಯಲ್ಲಿ ಎಲ್ಲಿರಬೇಕು ಎಂಬುದು ನಮ್ಮ ಕಡೆ ಸೂಕ್ಷ್ಮವಾದ ವಿಷಯ. ಎಡ ಅಂಚಿನಲ್ಲಿ ಪಾಚಿ, ತರಗೆಲೆ, ಜಲ್ಲಿ. ನಿಮ್ಮ ಪಥದ ನಟ್ಟನಡುವೆ ವಾಹನಗಳಿಂದ ಸೋರಿದ ಎಣ್ಣೆ. ಕಾರುಗಳ ಚಕ್ರ ಉಜ್ಜಿ ಸ್ವಚ್ಛ ಮಾಡಿದ ಎರಡು ಜಾಡುಗಳೇ ನಿಮ್ಮ ದಾರಿ. ಮುಂದೆ ಕಾಣದ ಬಲ ತಿರುವಿನಲ್ಲಿ ಎಡ ಜಾಡಿನಲ್ಲಿದ್ದರೆ ಹೆಚ್ಚು ದೂರ ಕಾಣುತ್ತದೆ. ಎಡ ತಿರುವಿನಲ್ಲಿ ಬಲ ಜಾಡಿಗೆ ಬಂದರೆ ನೋಟ ಸಿಗುತ್ತದೆ, ಆದರೆ ನಡುಗೆರೆಗೆ ತೀರ ಹತ್ತಿರ ಹೋಗಬೇಡಿ, ಏಕೆಂದರೆ ತಿರುಗುವ ಬಸ್ಸಿನ ಮೂಗು ಗೆರೆ ದಾಟಿ ಬಂದಿರುತ್ತದೆ. ಕಣ್ಣಿಗೆ ಕಾಣುವ ರಸ್ತೆಯೊಳಗೆ ನಿಲ್ಲಬಲ್ಲ ವೇಗವೇ ನಿಮ್ಮ ವೇಗ. ಗಿರಿಯ ರಸ್ತೆಯಂತಹ ಒಂದೇ ಪಥದ ದಾರಿಯಲ್ಲಿ ಎದುರಿನವನೂ ಬರುತ್ತಿರುತ್ತಾನಾದ್ದರಿಂದ ಅದರ ಅರ್ಧದೊಳಗೆ. ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡದೆ, ಏರುವಾಗ ಯಾವ ಗೇರ್ ಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಇನ್ನೇನು ಕಾಫಿಯ ಹೂಮಳೆ ಬರುತ್ತದೆ. ತಿಂಗಳುಗಟ್ಟಲೆ ಕುಳಿತ ದೂಳೂ ಎಣ್ಣೆಯೂ ಆ ಮೊದಲ ಮಳೆಗೆ ನೊರೆಯಾಗಿ ಮೇಲೇಳುತ್ತವೆ; ಜೋರು ಮಳೆ ಬಂದು ತೊಳೆದುಹೋಗುವವರೆಗೆ ಎಲ್ಲಾದರೂ ನಿಂತು ಒಂದು ಕಾಫಿ ಕುಡಿಯಿರಿ.

ಆಲ್ದೂರಿನವನು

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ಎರಡೂ ಗಾಡಿಗಳ ಮೇಲೆ ಕುಳಿತು ನೋಡಿ ಜಿಕ್ಸರ್ ಆಗಬಹುದು ಎಂದರು. ಕಳೆದ ಬುಧವಾರ ಗಾಡಿ ಬಂತು. ಹೆಲ್ಮೆಟ್ ಇಬ್ಬರಿಗೂ, ನನಗೆ ಜಾಕೆಟ್, ಗ್ಲೌಸ್, ಬೂಟು ಮೊದಲೇ ಕೊಂಡಿದ್ದೆ. ಪಕ್ಕದ ತೋಟದವರು ಕಣ ಬಿಟ್ಟುಕೊಟ್ಟರು. ಭಾನುವಾರ ಬೆಳಿಗ್ಗೆ ಅಪ್ಪ ನಾನು ಕರೆಯದೆಯೇ ಪೊರಕೆ ಹಿಡಿದು ಬಂದು ಕಣದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೆಣಸಿನ ಸಿಪ್ಪೆ ಗುಡಿಸಿದರು. ಮಧ್ಯಾಹ್ನ ತೋಟದೊಳಗಿನ ನೇರ ರಸ್ತೆಯಲ್ಲಿ, ನಲವತ್ತರಿಂದ ನಾನು ನಿಲ್ಲಿಸಿದ ಜಾಗಕ್ಕೆ ಅವರೇ ಒಂದೊಂದು ಕಲ್ಲಿಟ್ಟು, ಬ್ರೇಕ್ ಹಿಡಿದ ಗೆರೆಯಿಂದ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಮೊದಲನೆಯದಕ್ಕೆ ಇಪ್ಪತ್ತೆರಡು ಹೆಜ್ಜೆ ಬಂತು, ಹನ್ನೊಂದನೆಯದಕ್ಕೆ ಹದಿನಾಲ್ಕು. ಕತ್ತಲಾಗುತ್ತಿದೆ, ಸಾಕು ಎಂದು ನಾನೇ ಹೇಳಿದೆ. ಅವರು ಕಲ್ಲುಗಳನ್ನು ಅಲ್ಲಿಯೇ ಬಿಟ್ಟು, ಬರುವ ಭಾನುವಾರ ಐವತ್ತರಿಂದ ನೋಡೋಣ ಎಂದರು.